ತಲೆ ಸೀಳಿದ ಸೂಜಿ

ಈ ಸೂಜಿಯನ್ನು ನಾನಿನ್ನೂ ಪೂರ್ತಿ ನಂಬಿಲ್ಲ. ಮೊದಲೇ ಹೇಳಿಬಿಡುತ್ತೇನೆ. ನೋಡಲು ಉಳಿದ ಸೂಜಿಗಳ ಹಾಗೆಯೇ ಇದೆ. ಆದರೆ ತಲೆಯ ತುದಿಯಲ್ಲಿ ಒಂದು ಸಣ್ಣ ಸೀಳು. ಆ ಸೀಳಿನ ಮೇಲೆ ದಾರವನ್ನು ಬಿಗಿಯಾಗಿ ಅಡ್ಡ ಹಿಡಿದು ಕೆಳಕ್ಕೆ ಜಗ್ಗಿದರೆ ಟಿಕ್ ಎಂದು ಕಣ್ಣಿನೊಳಗೆ ಇಳಿದು ಕೂರುತ್ತದೆ. ದಾರದ ತುದಿಯನ್ನು ಎಂಜಲು ಮಾಡುವುದು ಬೇಡ, ಒಂದು ಕಣ್ಣು ಮುಚ್ಚಿ ಉಸಿರು ಬಿಗಿಹಿಡಿಯುವುದು ಬೇಡ, ಕಿಟಕಿಯ ಬೆಳಕಿಗೆ ಹೋಗಿ ನಿಲ್ಲುವುದೂ ಬೇಡ. ಇಷ್ಟು ಸುಲಭವಾಗಿ ಒಳಗೆ ಬಂದ ದಾರ ಅಷ್ಟೇ ಸುಲಭವಾಗಿ ಹೊರಗೆ ಹೋಗುವುದಿಲ್ಲ ಅಂತ ಏನು ಗ್ಯಾರಂಟಿ? ಬಾಗಿಲಿಗೆ ಚಿಲಕವಿಲ್ಲದ ಮನೆಯಲ್ಲಿ ನೀವಾದರೆ ಮಲಗುತ್ತೀರಾ?

ನನ್ನ ಗುಣವೇ ಹೀಗೆ, ಏನು ಮಾಡಲಿ. ಹಾಲು ತೆಳ್ಳಗಿದ್ದರೆ ನೀರು ಬೆರೆಸಿದ್ದಾರೆ ಎನ್ನುತ್ತೇನೆ. ಗಟ್ಟಿಯಾಗಿದ್ದರೆ ಇನ್ನೇನು ಬೆರೆಸಿದ್ದಾರೋ ಎನ್ನುತ್ತೇನೆ. 'ನೀವು ಕೊಟ್ಟಷ್ಟು ಕೊಡಿ ಮೇಡಂ' ಎನ್ನುವ ಆಟೋದವನ ಗಾಡಿ ಹತ್ತುವುದಿಲ್ಲ. ಮೂವತ್ತು ವರ್ಷ ಚಳ್ಳಕೆರೆಯ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟವಳು ನಾನು. ಅಕ್ಕನ ಕೈಲೋ ಅಣ್ಣನ ಕೈಲೋ ಹೋಂವರ್ಕ್ ಬರೆಸಿಕೊಂಡು ಬಂದ ಮಕ್ಕಳನ್ನು ಒಂದೇ ಒಂದು 'ಳ' ನೋಡಿ ಹಿಡಿದು ನಿಲ್ಲಿಸುತ್ತಿದ್ದೆ. ಕೆಲಸದಿಂದ ನಿವೃತ್ತಿಯಾಯಿತು, ಅನುಮಾನಕ್ಕೆ ನಿವೃತ್ತಿ ಎಲ್ಲಿಂದ ಬರಬೇಕು? ನಮ್ಮ ಯಜಮಾನರು ತಳಕಿನ ಕಡೆಯವರು, ನಿಧಾನದ ಮನುಷ್ಯ. "ದೇವ್ರು ಪ್ರತ್ಯಕ್ಷ ಆದ್ರೂ ನೀನು ಆಧಾರ್ ಕಾರ್ಡ್ ತೋರ್ಸು ಅಂತೀಯ ಬಿಡು" ಎಂದು ಹೇಳಿ ಪೇಪರ್ ಮಡಚುತ್ತಾರೆ.

ಯೋಚಿಸಿದರೆ ಈ ಗುಣ ನನಗೆ ಅಂಟಿದ್ದು ಸೂಜಿಯಿಂದಲೇ ಇರಬೇಕು. ನಾನು ಹುಟ್ಟಿ ಬೆಳೆದದ್ದು ಮೊಳಕಾಲ್ಮುರುವಿನ ಮಗ್ಗದವರ ಓಣಿಯಲ್ಲಿ. ಗಂಡಸರು ಮಗ್ಗದ ಗುಂಡಿಯೊಳಗೆ ಕಾಲಿಳಿಬಿಟ್ಟು ಕೂತು ರೇಷ್ಮೆ ಸೀರೆ ನೇಯುತ್ತಿದ್ದರು. ಹೆಂಗಸರು ಊಟದ ಪಾತ್ರೆ ತೊಳೆದಾದ ಮೇಲೆ ಜಗಲಿಯಲ್ಲಿ ಹಳೆಯ ಹತ್ತಿ ಸೀರೆಗಳನ್ನು ಪದರ ಪದರವಾಗಿ ಹಾಸಿಕೊಂಡು ಕೌದಿ ಹೊಲಿಯಲು ಕೂರುತ್ತಿದ್ದರು. ರೇಷ್ಮೆ ಮಾರುವುದಕ್ಕೆ, ಕೌದಿ ಹೊದೆಯುವುದಕ್ಕೆ. ನನಗಾಗ ಏಳೋ ಎಂಟೋ ವರ್ಷ. ಕಣ್ಣು ಹದ್ದಿನ ಕಣ್ಣು. ಓಣಿಯ ಈ ತುದಿಯಿಂದ ಆ ತುದಿಯ ತನಕ "ಏಯ್ ರತ್ನಾ, ಬಾರೇ ಇಲ್ಲಿ, ದಾರ ಪೋಣಿಸ್ಕೊಡು" ಎಂಬ ಕೂಗು. ಪೋಣಿಸಿಕೊಟ್ಟರೆ ಒಂದು ಚೂರು ಬೆಲ್ಲ, ಇಲ್ಲವೇ ಒಂದು ಹಿಡಿ ಹುರಿದ ಶೇಂಗಾ.

ಬೆಲ್ಲಕ್ಕಾಗಿ ನಾನು ಹೋಗುತ್ತಿರಲಿಲ್ಲ, ನಿಜ ಹೇಳಬೇಕೆಂದರೆ. ಹೋಗುತ್ತಿದ್ದದ್ದು ಮಾತಿಗಾಗಿ. ನಾನು ಹತ್ತಿರ ಬಂದದ್ದೇ ತಡ, ಕನ್ನಡದಲ್ಲಿ ಜೋರಾಗಿ ನಡೆಯುತ್ತಿದ್ದ ಮಾತು ತೆಲುಗಿಗೆ ತಿರುಗಿಕೊಳ್ಳುತ್ತಿತ್ತು. "ಈ ಪಿಲ್ಲ ಪೊಯ್ಯೇದಾಕಾ ಆಗವೇ" ಎಂದು ಒಬ್ಬಳು ಇನ್ನೊಬ್ಬಳಿಗೆ ಕಣ್ಣು ಮಾಡುತ್ತಿದ್ದಳು. ಈ ಹುಡುಗಿ ಹೋಗುವ ತನಕ ತಡಿ ಅಂತ. ಆಂಧ್ರದ ಗಡಿಗೆ ಅಂಟಿಕೊಂಡ ಊರಿನಲ್ಲಿ ತೆಲುಗು ಬಾರದ ಪಿಲ್ಲ ಯಾವುದಿದ್ದೀತು! ನಾನು ಏನೂ ಗೊತ್ತಿಲ್ಲದವಳ ಹಾಗೆ ಮುಖ ಮಾಡಿಕೊಂಡು, ಬೇಕೆಂದೇ ಎರಡು ಸಲ ಗುರಿ ತಪ್ಪಿಸಿ, ಮೂರನೆಯ ಸಲ ದಾರ ಹಾಕುತ್ತಿದ್ದೆ. ಅಷ್ಟರಲ್ಲಿ ಕಿವಿಗೆ ಬಿದ್ದದ್ದು ಅರ್ಧ ಸುದ್ದಿ. ಉಳಿದರ್ಧವನ್ನು ನಾನೇ ಊಹಿಸಿಕೊಳ್ಳಬೇಕಾಗುತ್ತಿತ್ತು. ಹಾಗೆ ಊಹಿಸಿ ಊಹಿಸಿ ಅಭ್ಯಾಸವಾಗಿ ಹೋಯಿತು. ನನ್ನ ಊಹೆಯಲ್ಲಿ ಯಾರೂ ಒಳ್ಳೆಯವರಾಗಿರುತ್ತಿರಲಿಲ್ಲ.

ಅವ್ವನ ಕೆಲಸ ಬೇರೆ. ಮಗ್ಗದ ಮೇಲೆ ಒಂದು ಹಾಸು, ಅಂದರೆ ಉದ್ದದ ಎಳೆಗಳು ಮುಗಿದರೆ, ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ತುದಿಗೆ ಕೈಯಿಂದಲೇ ಹೊಸೆದು ಕೂಡಿಸಬೇಕು. ಸಾವಿರಾರು ಎಳೆ. ಅವ್ವ ಹೆಬ್ಬೆರಳಿಗೆ ಬೂದಿ ಹಚ್ಚಿಕೊಂಡು ಕೂತಳೆಂದರೆ ಹೊತ್ತು ಹೋದದ್ದು ಗೊತ್ತಾಗುತ್ತಿರಲಿಲ್ಲ. ನಡುವೆ ಅವಳು ಒಲೆ ನೋಡಲು ಎದ್ದು ಹೋದಾಗ ಪಕ್ಕದ ಮನೆಯ ಈರಮ್ಮನೋ ನಮ್ಮ ಅತ್ತೆಯೋ ಕೂತು ಒಂದಷ್ಟು ಎಳೆ ಕೂಡಿಸಿದ್ದರೆ, ಬಂದವಳೇ ಬೆರಳಾಡಿಸಿ "ಇಲ್ಲೀಗಂಟ ನಂದು, ಇದು ಈರಮ್ಮಂದು, ಇಲ್ಲಿಂದ ನಿಮ್ಮತ್ತೇದು" ಎಂದು ಹೇಳಿಬಿಡುವಳು. ಕಣ್ಣು ತೆರೆದೂ ನೋಡುತ್ತಿರಲಿಲ್ಲ. "ಅದೆಂಗವ್ವಾ?" ಎಂದರೆ, "ನಿನ್ನ ಮಕ ನೋಡಿದ್ರೆ ನೀನು ಅಂತ ಗೊತ್ತಾಗಲ್ವೇನೇ? ಹಂಗೇ" ಅನ್ನುವಳು. ಈ ಮಾತನ್ನು ನೂರು ಸಲ ಕೇಳಿದ್ದೇನೆ. ಬೇಕಾದ ಹೊತ್ತಿಗೆ ನೆನಪಾಗಲಿಲ್ಲ, ಅಷ್ಟೇ.

ಅವ್ವನಿಂದ ಬಂದ ಇನ್ನೊಂದು ಕಟ್ಟುಪಾಡು ಮಾತ್ರ ಬಿಟ್ಟಿಲ್ಲ. ಸೂಜಿಯನ್ನು ಕೈಯಿಂದ ಕೈಗೆ ಕೊಡಬಾರದು. ಕೊಟ್ಟರೆ ಇಬ್ಬರಿಗೂ ಜಗಳವಾಗುತ್ತದಂತೆ. ಕೊಡುವವರು ನೆಲದ ಮೇಲೆ ಇಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಇಷ್ಟೆಲ್ಲ ಓದಿದವರು ಇದನ್ನು ನಂಬುತ್ತೀರಾ ಎಂದು ಕೇಳಬೇಡಿ. ಎಲ್ಲವನ್ನೂ ಅನುಮಾನಿಸುವವಳಿಗೆ ಇದೊಂದನ್ನು ಅನುಮಾನಿಸಲು ಧೈರ್ಯ ಬಂದಿಲ್ಲ.

ಇನ್ನು ಇಲ್ಲಿ ಚಳ್ಳಕೆರೆಯಲ್ಲಿ ನಮ್ಮ ಎದುರು ಮನೆಯ ಖೈರುನ್ ಆಪಾ, ಅಂದರೆ ಅಕ್ಕ. ನನಗಿಂತ ಹತ್ತು ವರ್ಷ ದೊಡ್ಡವರು. ಅವರ ಯಜಮಾನರು ಲಾರಿ ರಿಪೇರಿಯ ಶೆಡ್ ಇಟ್ಟಿದ್ದರು, ಈಗ ಮಗ ನೋಡಿಕೊಳ್ಳುತ್ತಾನೆ. ಆಪಾ ನಲವತ್ತು ವರ್ಷ ಮನೆಯಲ್ಲೇ ಕೂತು ಬಟ್ಟೆ ಹೊಲಿದವರು. ಈಗ ಮಿಷನ್ ಬಿಟ್ಟು ಕೌದಿ ಹಿಡಿದಿದ್ದಾರೆ. ಅವರ ಬಾಯಲ್ಲಿ ಅದು ಗೋದಡಿ. ಅವರ ಮನೆಯ ಹಳೆ ದುಪಟ್ಟಾ, ಲುಂಗಿ. ನಮ್ಮ ಮನೆಯ ಹಳೆ ಸೀರೆ, ಪಂಚೆ. ಎಲ್ಲ ಸೇರಿ ಒಂದೇ ಕೌದಿ. ಬೀದಿಯಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಿದರೂ ಒಂದು ಹೋಗುತ್ತದೆ. ನಾನು ನಿವೃತ್ತಳಾದ ವರ್ಷದಿಂದ ದಿನಾ ಮೂರು ಗಂಟೆಗೆ ಅವರ ಮನೆಯ ನಡುಮನೆಯ ಚಾಪೆ ಮೇಲೆ ನನ್ನದೊಂದು ಜಾಗ. ಎಣ್ಣೆ ಮಿಲ್ಲಿನ ಕಡೆಯಿಂದ ಬರುವ ಶೇಂಗಾ ವಾಸನೆ, ತಲೆಯ ಮೇಲೆ ಗಡಗಡ ಫ್ಯಾನು, ನಡುವೆ ಅವರ ಸೊಸೆ ತಂದಿಡುವ ಚಹಾ.

ಹೊಲಿಗೆಯಲ್ಲಿ ನಾನು ಸೊನ್ನೆ. ನನ್ನ ಸಾಲು ನೇರ ಹೋಗುವುದಿಲ್ಲ. "ಟೀಚರಮ್ಮನ ಹೊಲಿಗೆ ಹಳ್ಳಿ ಬಸ್ಸಿನಂಗೆ, ಎಲ್ಲಾ ಊರಿಗೂ ಹೋಗಿ ಬರ್ತೈತೆ" ಎಂದು ಆಪಾ ನಗುತ್ತಾರೆ. ಅಲ್ಲಿ ನನ್ನಿಂದ ಆಗುತ್ತಿದ್ದ ಕೆಲಸ ಒಂದೇ, ದಾರ ಪೋಣಿಸುವುದು. ಆಪಾಗೆ ಕಣ್ಣು ಚೆನ್ನಾಗಿದೆ, ಎರಡರದ್ದೂ ಪೊರೆ ತೆಗೆಸಿಕೊಂಡಿದ್ದಾರೆ. ಮಾತು ಕೇಳದಿರುವುದು ಬೆರಳು. ಸೂಜಿ ಒತ್ತುತ್ತವೆ, ಆದರೆ ದಾರದಂಥ ಸಣ್ಣದನ್ನು ಚಿವುಟಿ ಹಿಡಿಯಲು ಆಗುವುದಿಲ್ಲ. ಹಾಗಾಗಿ ನಾನು ಬೆಳಿಗ್ಗೆಯೇ ಹತ್ತು ಸೂಜಿಗೆ ದಾರ ಪೋಣಿಸಿ, ಗಂಟು ಹಾಕಿ, ಕೆಂಪು ಬಟ್ಟೆಯ ಒಂದು ಪುಟ್ಟ ದಿಂಬಿಗೆ ಚುಚ್ಚಿ, ಮಧ್ಯಾಹ್ನ ಒಯ್ದು ಚಾಪೆಯ ಮೇಲೆ ಇಡುತ್ತಿದ್ದೆ. ಆಪಾ ಎತ್ತಿಕೊಳ್ಳುತ್ತಿದ್ದರು. ಆ ಹತ್ತು ಸೂಜಿಯೇ ನನಗೆ ಆ ಮನೆಯ ಟಿಕೆಟ್ಟು. ಅದಿಲ್ಲದಿದ್ದರೆ ದಿನಾ ಮೂರು ಗಂಟೆಗೆ ಒಬ್ಬರ ಮನೆಗೆ ಯಾವ ಮುಖ ಇಟ್ಟುಕೊಂಡು ಹೋಗುವುದು? ಸುಮ್ಮನೆ ಹೋಗಿ ಕೂರುವವರನ್ನು ಜನ ಏನನ್ನುತ್ತಾರೆಂದು ನನಗೆ ಗೊತ್ತು. ನಾನೇ ಎಷ್ಟು ಜನರನ್ನು ಅಂದಿಲ್ಲ!

ಹೋದ ವರ್ಷ ನನ್ನ ಕಣ್ಣು ಕೈಕೊಟ್ಟಿತು. ಸೂಜಿಯ ಕಣ್ಣು ಎರಡಾಗಿ ಕಾಣುತ್ತಿತ್ತು, ದಾರ ಎರಡರ ನಡುವೆ ಹೋಗುತ್ತಿತ್ತು. ಉಚಿತ ತಪಾಸಣೆಗೆ ಹೋದಾಗ ಡಾಕ್ಟರು ಪೊರೆ ಬಂದಿದೆ, ತೆಗೆಸಿ ಅಂದರು. ಅಲ್ಲಿ ಸಾಲಿನಲ್ಲಿ ನಿಂತವರಿಗೆಲ್ಲ ಅದನ್ನೇ ಹೇಳುತ್ತಿದ್ದರು. ಎಲ್ಲರಿಗೂ ಒಂದೇ ಉತ್ತರ ಬಂದರೆ ಕಾಪಿ ಆಗಿದೆ ಅಂತಲ್ಲವೇ ಅರ್ಥ? ನಾನು ಆ ಚೀಟಿಯನ್ನು ಹಳೆ ಪಂಚಾಂಗದೊಳಗೆ ಇಟ್ಟು ಸುಮ್ಮನಾದೆ.

ಸುಮ್ಮನಾದರೆ ಹತ್ತು ಸೂಜಿಯ ಗತಿ? ಆಪಾಗೆ ಹೇಳುವುದಕ್ಕೆ ನಾಚಿಕೆ. ನಾಚಿಕೆ ಎನ್ನುವುದಕ್ಕಿಂತ ಭಯ. ದಾರ ಪೋಣಿಸಲಾಗದ, ನೇರ ಹೊಲಿಯಲೂ ಬಾರದ ಟೀಚರಮ್ಮ ಆ ಚಾಪೆಯ ಮೇಲೆ ಯಾಕಿರಬೇಕು? ಆಗ ಹೊಳೆದದ್ದು ಬೀದಿಯ ತಿರುವಿನ ಟೈಲರ್ ಬೋರಣ್ಣ. ಬೆಳಿಗ್ಗೆ ತರಕಾರಿ ಚೀಲದೊಳಗೆ ಕೆಂಪು ದಿಂಬನ್ನು ಬಚ್ಚಿಟ್ಟುಕೊಂಡು ಹೋಗುವುದು. ಅವನು ಮಾತಾಡುತ್ತಲೇ ಹತ್ತಕ್ಕೂ ದಾರ ಹಾಕಿ, ಗಂಟು ಹಾಕಿ ಕೊಡುವುದು. "ಯಾರಿಗೂ ಹೇಳ್ಬೇಡ ಕಣಪ್ಪಾ" ಎಂದರೆ, "ಇದ್ರಾಗೇನೈತ್ರೀ ಮೇಡಂ ಹೇಳಾಕೆ?" ಎಂದು ನಗುವನು. ಮಧ್ಯಾಹ್ನ ಏನೂ ಆಗದವಳ ಹಾಗೆ ಹೋಗಿ ಚಾಪೆಯ ಮೇಲೆ ಇಡುವುದು. "ಆಹಾ, ಏನ್ ಕಣ್ರೀ ನಿಮ್ದು" ಎಂದು ಆಪಾ ಹೊಗಳಿದರೆ ನಾನು ತಲೆ ತಗ್ಗಿಸಿ ಚಹಾ ಕುಡಿಯುವುದು. ಹೀಗೆ ಒಂದು ವರ್ಷ.

ಆಪಾರ ಮೊಮ್ಮಗಳ ಮಗುವಿಗೆಂದು ಹೊಸ ಕೌದಿ ಶುರುವಾಯಿತು. ಅರ್ಧಕ್ಕೆ ಬಂದಿತ್ತೋ ಇಲ್ಲವೋ, ಬೋರಣ್ಣ ಅಂಗಡಿಗೆ ಬೀಗ ಹಾಕಿಕೊಂಡು ಹೆಂಡತಿಯ ಕಡೆಯ ಮದುವೆಗೆಂದು ಮೊಳಕಾಲ್ಮುರು ಕಡೆಯ ಸಿದ್ದಾಪುರಕ್ಕೆ ಹೊರಟುಬಿಟ್ಟ. ಒಂದು ವಾರ. ಮದುವೆ ಒಂದು ದಿನದ್ದು, ಉಳಿದ ಆರು ದಿನ ಇವನಿಗೆ ಅಲ್ಲೇನು ಕೆಲಸ? ಬ್ರಹ್ಮಗಿರಿ ಹತ್ತಿ ಅಶೋಕನ ಶಾಸನ ಓದುತ್ತಾನೆಯೇ? ನನಗೆ ಬೇರೆ ದಾರಿ ಕಾಣಲಿಲ್ಲ, ಜ್ವರ ಬಂತು. ಆಪಾ ದಿನಾ ಸೊಸೆಯ ಕೈಲಿ ಒಂದು ಸ್ಟೀಲ್ ಡಬ್ಬಿಯಲ್ಲಿ ಗಂಜಿ ಕಳಿಸಿದರು. ಜ್ವರವಿಲ್ಲದ ಬಾಯಿಗೆ ಆ ಗಂಜಿ ಎಷ್ಟು ರುಚಿಯಾಗಿತ್ತೆಂದರೆ, ಕುಡಿಯುವಾಗ ಕಣ್ಣಲ್ಲಿ ನೀರು ಬಂತು. ಯಜಮಾನರು ನೋಡಿ, "ಜ್ವರ ಜಾಸ್ತಿ ಆದಂಗೈತೆ" ಎಂದು ಎದ್ದು ಹೋದರು.

ಬೋರಣ್ಣ ಬಂದ. ಜ್ವರ ಹೋಯಿತು. ನಾನು ಹತ್ತು ಸೂಜಿಯ ದಿಂಬು ಹಿಡಿದು ಹೋದೆ. ಆಪಾ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ತಮ್ಮ ತಗಡಿನ ಡಬ್ಬಿಯಿಂದ ಒಂದು ಹೊಸ ಪ್ಯಾಕೆಟ್ ತೆಗೆದು ಚಾಪೆಯ ಮೇಲೆ ಇಟ್ಟರು.

"ನೋಡ್ರಿ ಟೀಚರಮ್ಮ, ಮಗ ಚಿತ್ರದುರ್ಗದಿಂದ ತಂದ. ತಲೆ ಸೀಳಿರೋ ಸೂಜಿ. ಇನ್ಮೇಲೆ ದಾರ ಪೋಣ್ಸೋ ಕಷ್ಟನೇ ಇಲ್ಲ."

ದಾರ ಪೋಣಿಸುವ ಕಷ್ಟವೇ ಇಲ್ಲ! ಅಂದರೆ ದಾರ ಪೋಣಿಸುವವಳೂ ಬೇಡ. "ಓಹೋ, ಒಳ್ಳೇದಾಯ್ತು" ಎಂದೆ. ಪ್ಯಾಕೆಟ್ಟನ್ನು ಮುಟ್ಟಲಿಲ್ಲ. ಅದು ನಮ್ಮಿಬ್ಬರ ನಡುವೆ ಚಾಪೆಯ ಮೇಲೆ ಬಹಳ ಹೊತ್ತು ಬಿದ್ದಿತ್ತು. ಕೊನೆಗೆ ಆಪಾ ಅದನ್ನು ಎತ್ತಿ ವಾಪಸ್ ಡಬ್ಬಿಗೆ ಹಾಕಿದರು. ಅವರ ಮುಖ ಸಣ್ಣಗಾಗಿದ್ದನ್ನು ಕಂಡೆ. ಹೇಳಬೇಕಾದ್ದನ್ನು ಹೇಳಿ ಮುಗಿಸಿದ ಮೇಲೆ ಮುಖ ಯಾಕೆ ಸಣ್ಣ ಮಾಡಿಕೊಳ್ಳಬೇಕು ಎಂದು ಅದಕ್ಕೂ ಅನುಮಾನಪಟ್ಟೆ.

ಮರುದಿನ ನಾನು ಹೋಗಲಿಲ್ಲ. ಅದರ ಮರುದಿನವೂ. ಮನೆಯ ಕಿಟಕಿಯಲ್ಲಿ ಕೂತು ಎದುರು ಮನೆಯ ಬಾಗಿಲು ಕಾದೆ. ನನ್ನ ಜಾಗಕ್ಕೆ ಬೇರೆ ಯಾರು ಬರುತ್ತಾರೆ ನೋಡೋಣ ಅಂತ. ನೀರಿನ ಕ್ಯಾನ್‌ನವನೊಬ್ಬನನ್ನು ಬಿಟ್ಟರೆ ಯಾರೂ ಬರಲಿಲ್ಲ. ಬೋರಣ್ಣನ ಅಂಗಡಿಗೆ ಹೋಗಿ ಅಡ್ಡ ಪ್ರಶ್ನೆ ಹಾಕಿದೆ. "ನೀನೇನಾದ್ರೂ ಬಾಯಿ ಬಿಟ್ಯಾ?"

"ನಮ್ಮಪ್ಪನಾಣೆ ಇಲ್ರಿ ಮೇಡಂ" ಎಂದು ಅವನು ಟೇಪನ್ನು ಕುತ್ತಿಗೆಗೆ ಹಾಕಿಕೊಂಡು ಎದ್ದು ನಿಂತ. ಹತ್ತನೇ ಕ್ಲಾಸಿನಲ್ಲಿ ನನ್ನ ಕೈಗೆ ಸಿಕ್ಕಿಬಿದ್ದ ಹುಡುಗರು ಹೀಗೇ ಎದ್ದು ನಿಲ್ಲುತ್ತಿದ್ದರು. ಹಾಗಾಗಿ ಅವನನ್ನೂ ಪೂರ್ತಿ ನಂಬಲಿಲ್ಲ.

ಯಜಮಾನರ ಮುಂದೆ ಆ ಸೂಜಿಯ ವಿಷಯ ತೆಗೆದೆ. ಅದು ದಾರ ಕತ್ತರಿಸುತ್ತದೆ, ನಾಲ್ಕು ಪದರ ಬಟ್ಟೆಯಲ್ಲಿ ಒತ್ತಿದರೆ ಬೆರಳಿಗೆ ಚುಚ್ಚುತ್ತದೆ, ಅಂಥ ಸೂಜಿಯಿಂದ ಹೊಲಿದ ಕೌದಿ ಮಗುವಿನ ಮೈಮೇಲೆ ಹಾಕಬಾರದು ಎಂದೆಲ್ಲ ಹೇಳಿದೆ. ಅವರು ಸಾವಧಾನವಾಗಿ ಕೇಳಿ, "ಕುದಾಪುರದಾಗೆ ಅಷ್ಟೊಂದು ಜನ ವಿಜ್ಞಾನಿಗಳವ್ರೆ, ಒಂದ್ಸಲ ತಗಂಡೋಗಿ ಟೆಸ್ಟ್ ಮಾಡ್ಸು" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಅಲ್ವೇ, ನಿಂಗೆ ಸಿಟ್ಟು ಸೂಜಿ ಮ್ಯಾಲೋ, ಆಪಾ ಮ್ಯಾಲೋ?" ಎಂದು ಕೇಳಿದರು. ಸಿಟ್ಟು ನನಗಿರಲಿಲ್ಲ. ಮೂರು ಗಂಟೆಯಾದರೆ ಕಾಲು ತಾವಾಗಿ ಚಪ್ಪಲಿ ಹುಡುಕುತ್ತಿದ್ದವು, ಅದೇ ನನ್ನ ಸಂಕಟ.

ನಾಲ್ಕನೆಯ ದಿನ ಅಡುಗೆಮನೆಯಲ್ಲಿ ಆಪಾರ ಗಂಜಿ ಡಬ್ಬಿ ಕಣ್ಣಿಗೆ ಬಿತ್ತು. ಇನ್ನೊಬ್ಬರ ಮನೆಯ ಪಾತ್ರೆ ಇಟ್ಟುಕೊಳ್ಳಬಾರದಲ್ಲ. ಖಾಲಿ ಕೊಡುವುದೂ ಸರಿಯಲ್ಲ. ಶೇಂಗಾ ಉಂಡೆ ಕಟ್ಟಿ ತುಂಬಿಸಿಕೊಂಡು, ಕೊಟ್ಟು ಬಾಗಿಲಿಂದಲೇ ವಾಪಸ್ ಬರುವುದೆಂದು ತೀರ್ಮಾನಿಸಿ ಸರಿಯಾಗಿ ಮೂರು ಗಂಟೆಗೆ ಹೋದೆ.

ಆಪಾ ಚಾಪೆಯ ಮೇಲೆ ಒಬ್ಬರೇ ಕೂತಿದ್ದರು. ಕೌದಿ ಹಾಗೇ ಹರಡಿತ್ತು. ನಾನು ಬಿಟ್ಟುಹೋದಾಗ ಎಲ್ಲಿತ್ತೋ ಅದಕ್ಕಿಂತ ನಾಲ್ಕೈದು ಸಾಲು ಮುಂದೆ ಹೋಗಿತ್ತು, ಅಷ್ಟೇ. ಕೆಂಪು ದಿಂಬಿನಲ್ಲಿ ಹತ್ತು ಸೂಜಿಯೂ ಬರಿದಾಗಿ ನಿಂತಿದ್ದವು. ಪಕ್ಕದಲ್ಲಿ ಆ ಹೊಸ ಪ್ಯಾಕೆಟ್ಟು. ಬಾಯಿ ಕೂಡ ಒಡೆದಿರಲಿಲ್ಲ.

"ಯಾಕೆ ಆಪಾ, ಹೊಸ ಸೂಜೀಲಿ ಹೊಲೀಲಿಲ್ವಾ?" ನನ್ನ ದನಿ ನನಗೇ ಚುಚ್ಚುವ ಹಾಗಿತ್ತು.

"ಅದು ನನ್ ಬೆರಳಿಗೆ ಎಲ್ಲಿ ಆಗ್ತೈತ್ರೀ? ದಾರ ಬಿಗಿಯಾಗಿ ಹಿಡ್ಕಂಡು ಜಗ್ಗಬೇಕು. ಹಿಡಿಯೋಕೇ ಆಗಲ್ವಲ್ಲ ನಂಗೆ."

"ಮತ್ಯಾಕೆ ತರಿಸಿದ್ರಿ?"

ಆಪಾ ಉಂಡೆ ಡಬ್ಬಿಯ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿದರು. "ಚಾಪೆ ಮ್ಯಾಲೆ ಇಟ್ಟೆ. ನೀವು ಎತ್ಕಳ್ಲಿಲ್ಲ."

ಸೂಜಿ ಕೈಯಿಂದ ಕೈಗೆ ಕೊಡಬಾರದು, ನೆಲದ ಮೇಲಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಆ ಮನೆಗೆ ಈ ಕಟ್ಟುಪಾಡು ತಂದವಳೇ ನಾನು. ಅವರು ಅದನ್ನು ನಂಬದಿದ್ದರೂ ನನಗಾಗಿ ಇಷ್ಟು ವರ್ಷ ನಡೆಸಿಕೊಂಡು ಬಂದರು. ಆವತ್ತೂ ಅದರಂತೆಯೇ ಇಟ್ಟಿದ್ದರು. ನನಗೆಂದು ಕೊಟ್ಟದ್ದನ್ನು ನಾನು ಬರೀ ತೋರಿಸಿದ್ದು ಅಂದುಕೊಂಡಿದ್ದೆ.

"ನಂಗಾ? ನಂಗ್ಯಾಕೆ ಆಪಾ? ನನ್ ಕಣ್ಣು..." ಎಂದು ಶುರು ಮಾಡಿದೆ.

"ಅರೆ, ಬಿಡ್ರಿ ಟೀಚರಮ್ಮ" ಎಂದರು ಆಪಾ. ದನಿಯಲ್ಲಿ ಸಿಟ್ಟಿರಲಿಲ್ಲ. "ನೀವು ದಾರ ಹಲ್ಲಿನಾಗೆ ಕಡಿಯೋರು, ತುದಿ ನಾರು ನಾರು ಇರ್ತಿತ್ತು. ಗಂಟು ನೋಡಿದ್ರೆ ಹುಣ್ಸೆ ಬೀಜ ಇದ್ದಂಗೆ. ಒಂದಿನ ಬಂತು, ಕತ್ತರೀಲಿ ಕಟ್ ಮಾಡಿದ ದಾರ, ಸಾಸ್ವೆ ಕಾಳಿನಷ್ಟು ಗಂಟು. ನಲವತ್ ವರ್ಷ ಬಟ್ಟೆ ಹೊಲ್ದೀನಿ. ಟೈಲರ್ ಗಂಟು ನಂಗೆ ಗೊತ್ತಾಗಲ್ವಾ?"

"ಮೊದಲ್ನೇ ದಿನಾನೇ ಗೊತ್ತಾಯ್ತಾ?"

"ಮೊದಲ್ನೇ ಸೂಜಿಗೇ."

ಅಕ್ಕನ ಕೈಲಿ ಹೋಂವರ್ಕ್ ಬರೆಸಿಕೊಂಡು ಬಂದು, ಮೇಡಂಗೆ ಗೊತ್ತಾಗಿಲ್ಲ ಎಂದು ಒಂದು ವರ್ಷ ಬೀಗಿಕೊಂಡು ಕೂತಿದ್ದ ಹುಡುಗಿಯ ಸ್ಥಿತಿ ಹೇಗಿರುತ್ತದೆಂದು ನನಗೆ ಆ ಹೊತ್ತಿಗೆ ತಿಳಿಯಿತು. ಎಷ್ಟು ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆನೋ. ಆಪಾ ನನ್ನನ್ನು ಒಂದು ದಿನವೂ ನಿಲ್ಲಿಸಲಿಲ್ಲ. 'ಏನ್ ಕಣ್ರೀ ನಿಮ್ದು' ಎಂದು ಹೊಗಳಿ ಚಹಾ ಕೊಟ್ಟರು.

"ಯಾಕೆ ಹೇಳ್ಲಿಲ್ಲ?" ಎಂದೆ.

"ಹೇಳಿದ್ರೆ ನೀವು ಬರ್ತಿದ್ರಾ?"

ಬರುತ್ತಿರಲಿಲ್ಲ. ಅದು ನನಗೂ ಗೊತ್ತು, ಅವರಿಗೂ ಗೊತ್ತು.

"ಆ ಬೋರಣ್ಣ ಊರಿಗೋದ, ನಿಮಗೆ ಜ್ವರ ಬಂತು" ಎಂದು ಆಪಾ ಕೌದಿಯ ಅಂಚನ್ನು ನೇವರಿಸುತ್ತ ಹೇಳಿದರು. "ಒಂದ್ ವಾರ ಒಬ್ಳೇ ಕೂತಿದ್ದೆ. ಅವ್ನು ಊರಿಗೋದಾಗೆಲ್ಲ ನಿಮಗೆ ಜ್ವರ ಬಂದ್ರೆ ನನ್ ಗತಿಯೇನು ಅಂತ ಮಗಂಗೆ ಹೇಳಿ ತರ್ಸಿದೆ. ನಿಮ್ ಕಣ್ಣೇ ಬ್ಯಾಡ ಅದಕ್ಕೆ, ಬೆರಳಿದ್ರೆ ಸಾಕಂತೆ. ಹಂಗೇ ಆ ಪೊರೇನೂ ತೆಗ್ಸಿ ಬಿಡ್ರಿ, ನಾನ್ ಜೊತೆಗ್ ಬರ್ತೀನಿ."

ಪೊರೆಯ ವಿಷಯ ಇವರಿಗೆ ಯಾರು ಹೇಳಿದರು? ಯಜಮಾನರೇ ಇರಬೇಕು. ಅದನ್ನು ಮನೆಗೆ ಹೋಗಿ ವಿಚಾರಿಸಿಕೊಳ್ಳುವುದೆಂದು ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ.

ಆಪಾ ಪ್ಯಾಕೆಟ್ಟನ್ನು ಮತ್ತೊಮ್ಮೆ ಚಾಪೆಯ ಮೇಲೆ, ಈ ಸಲ ನನ್ನ ಮೊಣಕಾಲಿಗೆ ತಾಗುವ ಹಾಗೆ ಇಟ್ಟರು. ನಾನು ಎತ್ತಿಕೊಂಡೆ. ಒಂದು ಸೂಜಿ ತೆಗೆದೆ. ಸೀಳನ್ನು ಉಗುರಿನಿಂದ ಹುಡುಕಿ, ದಾರ ಅಡ್ಡ ಹಿಡಿದು ಜಗ್ಗಿದೆ, ಜಾರಿತು. ಇನ್ನೊಮ್ಮೆ, ದಾರದ ಒಂದು ನಾರು ಕಿತ್ತು ಬಂತು. ನಾನು ಅಂದದ್ದು ಸುಳ್ಳೇನಲ್ಲ, ಈ ಸೂಜಿ ದಾರ ತಿನ್ನುತ್ತದೆ. ಮೂರನೆಯ ಸಲ ಟಿಕ್ ಎಂದಿತು. ಹಲ್ಲಿನಿಂದ ದಾರ ಕಡಿದೆ. ಅವ್ವನ ಓಣಿಯಲ್ಲಿ ಕಲಿತ ಹಾಗೆ ಎರಡು ಸುತ್ತು ಸುತ್ತಿ ಗಂಟು ಹಾಕಿ ಚಾಪೆಯ ಮೇಲೆ ಇಟ್ಟೆ.

ಆಪಾ ಸೂಜಿ ಎತ್ತಿಕೊಂಡರು. ಹೊಲಿಯಲು ಹೋಗಲಿಲ್ಲ. ದಾರದ ಉದ್ದಕ್ಕೂ ಬೆರಳು ಜಾರಿಸುತ್ತ ಬಂದು ತುದಿಯ ಗಂಟಿನ ಮೇಲೆ ನಿಲ್ಲಿಸಿ, ಹೆಬ್ಬೆರಳಿನಿಂದ ಅದನ್ನು ಒಂದೆರಡು ಸಲ ಉರುಳಿಸಿದರು.

"ಈ ಗಂಟು ನೋಡಿ ಒಂದ್ ವರ್ಷ ಆಗಿತ್ತು, ಟೀಚರಮ್ಮ" ಎಂದರು.